ಒದ್ದೆ ಟವೆಲ್ ಯಾಕೆ ಕೆಲಸ ಮಾಡಲಿಲ್ಲ? ಸೆಕೆಯಲ್ಲಿ ಟೆಂಟ್ ಹಾಕುವವರಿಗೆ ಒಂದು ಪಾಠ

ಎಕ್ಸಾಮ್ ಮುಗಿದ ಮೇಲೆ ಗೋಕರ್ಣಕ್ಕೆ ಹೋಗಿ ಬೀಚ್ ಹತ್ತಿರ ಟೆಂಟ್ ಹಾಕಬೇಕು ಅಂತ ಈ ವರ್ಷವೂ ನಮ್ಮ ಹಾಸ್ಟೆಲ್‌ನಲ್ಲಿ ಎರಡು ಮೂರು ಗುಂಪುಗಳು ಪ್ಲ್ಯಾನ್ ಮಾಡುತ್ತಿವೆ. ಕಳೆದ ವರ್ಷ ನಾವು ನಾಲ್ಕು ಜನ ಹೋಗಿ ಬಂದಿದ್ದೆವು. ಹಾಗಾಗಿ ಜೂನಿಯರ್ಸ್ ಬಂದು "ಅಣ್ಣಾ, ಏನೇನ್ ತಗೊಂಡು ಹೋಗ್ಬೇಕು, ಒಂದು ಲಿಸ್ಟ್ ಕೊಡು" ಅಂತ ಕೇಳುತ್ತಿದ್ದಾರೆ. ಲಿಸ್ಟ್ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ನಾನು ಅಲ್ಲಿ ಮಾಡಿದ ಒಂದು ತಪ್ಪನ್ನು ಹೇಳಬೇಕು. ಆ ತಪ್ಪು ಯಾಕಾಯಿತು ಅಂತ ತಿಳಿಯಲು ನನಗೆ ಮೂರನೇ ಸೆಮಿಸ್ಟರ್‌ನ ಥರ್ಮೋಡೈನಾಮಿಕ್ಸ್ ಬೇಕಾಯಿತು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಎಲ್ಲಾದರೂ ತಪ್ಪಿದ್ದರೆ ತಿದ್ದಿ.

ಆ ರಾತ್ರಿ ಏನಾಯಿತು

ನಿಡಸೋಸಿಯ ಬಿಸಿಲು ನಮಗೆಲ್ಲ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸಂಕೇಶ್ವರಕ್ಕೆ ಹೋಗಿ ಬಂದರೆ ಮುಖಕ್ಕೆ ಝಳ ಹೊಡೆಯುತ್ತದೆ. ಅದಕ್ಕೆ ನಮ್ಮ ಹತ್ತಿರ ಔಷಧವೂ ಇದೆ. ತಲೆಗೆ ಒದ್ದೆ ಟವೆಲ್, ಕಿಟಕಿಗೆ ಒದ್ದೆ ಬೆಡ್‌ಶೀಟ್, ಕುಡಿಯಲು ಹರವಿಯ ನೀರು, ದುಡ್ಡಿದ್ದವರಿಗೆ ಕೂಲರ್. ರಾತ್ರಿ ಟೆರೇಸ್ ಮೇಲೆ ಮಲಗಿದರೆ ಬೆಳಗಿನ ಜಾವ ಕೌದಿ ಎಳೆದುಕೊಳ್ಳಬೇಕು. ಇಷ್ಟು ಅನುಭವ ಇಟ್ಟುಕೊಂಡು ನಾವು ಬೆಳಗಾವಿ, ಧಾರವಾಡ, ಯಲ್ಲಾಪುರ, ಅಂಕೋಲಾ ಮೇಲೆ ಗೋಕರ್ಣ ಮುಟ್ಟಿದೆವು. ಮೊಬೈಲ್‌ನಲ್ಲಿ ನೋಡಿದರೆ 32 ಡಿಗ್ರಿ. "ಇಷ್ಟೇನಾ?" ಅಂತ ನಕ್ಕೆವು.

ಮಧ್ಯಾಹ್ನ ಮೂರು ಗಂಟೆಗೇ ಬಯಲಿನಲ್ಲಿ ಟೆಂಟ್ ಹಾಕಿದೆವು. ಸಂಜೆವರೆಗೂ ವಾಲಿಬಾಲ್ ಆಡಿದೆವು. ರಾತ್ರಿ ಸೊಳ್ಳೆಗೆ ಹೆದರಿ ಟೆಂಟ್‌ನ ಎಲ್ಲ ಜಿಪ್ ಎಳೆದೆವು. ತಂಪಾಗಲಿ ಅಂತ ನಾನೇ ನಾಲ್ಕು ಟವೆಲ್ ನೆನೆಸಿ ಒಳಗಿನ ಹಗ್ಗಕ್ಕೆ ತೂಗುಹಾಕಿದೆ. ಊರಲ್ಲಿ ಕೆಲಸ ಮಾಡುತ್ತದಲ್ಲ!

ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಮಲಗಿದ್ದ ಗೆಳೆಯ "ಉಸಿರಾಡಾಕ ಆಗವಲ್ದು ಲೇ" ಅಂದ. ನಾನು "ನಾಟಕ ಮಾಡಬ್ಯಾಡ. ನಮ್ಮೂರಾಗ ನಲವತ್ತು ಇರ್ತೈತಿ, ಇಲ್ಲಿ ಬರೇ ಮೂವತ್ತೆರಡು. ಸುಮ್ನ ಮಕ್ಕೋ" ಅಂದೆ. ಅವನು ಸುಮ್ಮನೆ ಮಲಗಿದ. ಎರಡು ಗಂಟೆಗೆ ಎದ್ದು ಹೊರಗೆ ಹೋಗಿ ವಾಂತಿ ಮಾಡಿದ, ತಲೆ ತಿರುಗಿ ಮರಳಿನ ಮೇಲೆ ಕೂತುಬಿಟ್ಟ. ಮೈಯೆಲ್ಲ ಬೆವರು, ಕೈಕಾಲು ಹಿಡಿದುಕೊಂಡಿತ್ತು. ಸಮುದ್ರದ ಗಾಳಿಗೆ ಕೂರಿಸಿ, ಹತ್ತಿರದ ಅಂಗಡಿಯವರನ್ನು ಎಬ್ಬಿಸಿ ಓಆರ್‌ಎಸ್ ತಂದು ಸ್ವಲ್ಪ ಸ್ವಲ್ಪ ಕುಡಿಸಿದೆವು. ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಡಾಕ್ಟರ್ ಇದು ಹೀಟ್ ಎಕ್ಸಾಸ್ಚನ್, ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಕಷ್ಟ ಇತ್ತು ಅಂದರು. ಅವನು ಹುಷಾರಾದ. ಈಗಲೂ ನನ್ನ ರೂಮ್‌ಮೇಟ್. ಆದರೆ ನಾನು ಅಂದ "ನಾಟಕ" ಅನ್ನುವ ಮಾತು ನನ್ನ ತಲೆಯಿಂದ ಹೋಗಿಲ್ಲ.

ಟೆಂಟ್ ಬಿಚ್ಚುವಾಗ ನೋಡಿದೆ. ಹಗ್ಗದ ಮೇಲಿನ ಟವೆಲ್‌ಗಳು ರಾತ್ರಿ ಹಾಕಿದಾಗ ಎಷ್ಟು ಒದ್ದೆ ಇದ್ದವೋ ಹೆಚ್ಚುಕಡಿಮೆ ಅಷ್ಟೇ ಒದ್ದೆ ಇದ್ದವು. ಉತ್ತರ ಅದರಲ್ಲೇ ಇತ್ತು.

ಬೆವರಿನ ಲೆಕ್ಕ

ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಗೆ ಬಿಡುತ್ತಾನೆ. ಹಳೆಯ ಕಾಲದ ಒಂದು ಬಲ್ಬ್ ಇದ್ದ ಹಾಗೆ. ಈ ಶಾಖ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ದೇಹದ ತಾಪಮಾನ ಏರುತ್ತದೆ. ಹೋಗಲು ನಾಲ್ಕು ದಾರಿ: ತಣ್ಣಗಿನ ವಸ್ತುವನ್ನು ಮುಟ್ಟಿ, ಬೀಸುವ ಗಾಳಿಗೆ ಕೊಟ್ಟು, ವಿಕಿರಣವಾಗಿ, ಮತ್ತು ಬೆವರು ಆವಿಯಾಗಿ. ಚರ್ಮದ ತಾಪಮಾನ ಸೆಕೆಯಲ್ಲಿ ಸುಮಾರು 35 ಡಿಗ್ರಿ ಇರುತ್ತದೆ. ಹೊರಗಿನ ಗಾಳಿ ಅದರ ಹತ್ತಿರ ಬಂದಷ್ಟೂ ಮೊದಲ ಮೂರು ದಾರಿ ಮುಚ್ಚುತ್ತಾ ಹೋಗುತ್ತವೆ. ಉಳಿಯುವುದು ಬೆವರು ಒಂದೇ.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ತೆಗೆದುಕೊಂಡು ಹೋಗುತ್ತದೆ. ಅಂದರೆ 100 ವ್ಯಾಟ್ ಹೊರಹಾಕಲು ಗಂಟೆಗೆ 150 ಗ್ರಾಂ ಬೆವರು ಸಾಕು. ಆದರೆ ಇಲ್ಲಿ ಒಂದು ಶರತ್ತು ಇದೆ. ಬೆವರು ಬಂದರೆ ಸಾಲದು, ಅದು ಆರಬೇಕು. ಹನಿಯಾಗಿ ಜಾರಿ ನೆಲಕ್ಕೆ ಬಿದ್ದ ಬೆವರು ನಿಮ್ಮ ನೀರು ಮತ್ತು ಉಪ್ಪು ತೆಗೆದುಕೊಂಡು ಹೋಗುತ್ತದೆ, ಶಾಖ ತೆಗೆದುಕೊಂಡು ಹೋಗುವುದಿಲ್ಲ.

ಆರುವುದು ಯಾವುದರ ಮೇಲೆ ನಿಂತಿದೆ? ಚರ್ಮದ ಮೇಲಿನ ನೀರಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಈಗಾಗಲೇ ಇರುವ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸದ ಮೇಲೆ. 35 ಡಿಗ್ರಿಯ ಒದ್ದೆ ಚರ್ಮದಲ್ಲಿ ಆ ಒತ್ತಡ 5.6 ಕಿಲೋಪ್ಯಾಸ್ಕಲ್. ಈಗ ಎರಡು ಊರು ಹೋಲಿಸೋಣ.

ನಮ್ಮೂರ ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇಕಡಾ 20 ಎಂದು ಇಟ್ಟುಕೊಳ್ಳಿ. ಗಾಳಿಯಲ್ಲಿನ ಆವಿಯ ಒತ್ತಡ ಸುಮಾರು 1.5. ವ್ಯತ್ಯಾಸ 4.1.

ಕರಾವಳಿ 32 ಡಿಗ್ರಿ, ತೇವಾಂಶ ಶೇಕಡಾ 80 ಎಂದು ಇಟ್ಟುಕೊಳ್ಳಿ. ಗಾಳಿಯಲ್ಲಿನ ಆವಿಯ ಒತ್ತಡ ಸುಮಾರು 3.8. ವ್ಯತ್ಯಾಸ ಬರೀ 1.8.

ಅಂದರೆ ಎಂಟು ಡಿಗ್ರಿ ತಂಪಿರುವ ಊರಿನಲ್ಲಿ ಬೆವರು ಆರುವ ಶಕ್ತಿ ಅರ್ಧಕ್ಕಿಂತ ಕಡಿಮೆ. ನಾವು ಮೊಬೈಲ್ ನೋಡಿ ನಕ್ಕಿದ್ದು ಇದಕ್ಕೇ.

ವೆಟ್ ಬಲ್ಬ್ ಅಂದರೆ ಏನು

ಮೆಕ್ಯಾನಿಕಲ್‌ನವರಿಗೆ ಸೈಕ್ರೋಮೆಟ್ರಿಕ್ ಚಾರ್ಟ್ ಗೊತ್ತಿರುತ್ತದೆ. ಉಳಿದವರಿಗೆ ಸರಳವಾಗಿ ಹೇಳುತ್ತೇನೆ. ಥರ್ಮಾಮೀಟರ್‌ನ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿ ಬೀಸಿ. ನೀರು ಆರುತ್ತಾ ಪಾದರಸ ಇಳಿಯುತ್ತದೆ, ಒಂದು ಕಡೆ ನಿಲ್ಲುತ್ತದೆ. ಅದೇ ವೆಟ್ ಬಲ್ಬ್ ತಾಪಮಾನ. ನೀರು ಆರಿಸಿ ಯಾವುದನ್ನೇ ಆಗಲಿ ಎಷ್ಟರ ಮಟ್ಟಿಗೆ ತಂಪು ಮಾಡಬಹುದು ಎನ್ನುವುದಕ್ಕೆ ಅದು ಕೊನೆಯ ಗೆರೆ. ಕೂಲರ್ ಆಗಲಿ, ಹರವಿ ಆಗಲಿ, ಒದ್ದೆ ಟವೆಲ್ ಆಗಲಿ ಆ ಗೆರೆಯ ಕೆಳಗೆ ಹೋಗಲು ಸಾಧ್ಯವಿಲ್ಲ.

ಮೇಲಿನ ಉದಾಹರಣೆಯಲ್ಲಿ ನಮ್ಮೂರ 40 ಡಿಗ್ರಿಯ ಮಧ್ಯಾಹ್ನಕ್ಕೆ ವೆಟ್ ಬಲ್ಬ್ ಸುಮಾರು 23. ಅಂದರೆ ಒದ್ದೆ ಟವೆಲ್ ಹದಿನೇಳು ಡಿಗ್ರಿ ತನಕ ಇಳಿಸಬಲ್ಲದು. ಕರಾವಳಿಯ 32 ಡಿಗ್ರಿಗೆ ವೆಟ್ ಬಲ್ಬ್ ಸುಮಾರು 29. ಅಲ್ಲಿ ಟವೆಲ್ ಕೈಯಲ್ಲಿ ಮೂರೇ ಡಿಗ್ರಿ. ಅದೇ ಟವೆಲ್, ಅದೇ ನೀರು, ಊರು ಬೇರೆ.

ಈ ಅಂಕಿ ಬರೀ ಲ್ಯಾಬ್‌ನದ್ದಲ್ಲ. 2010ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ವೆಟ್ ಬಲ್ಬ್ 35 ಡಿಗ್ರಿ ದಾಟಿದರೆ ಮನುಷ್ಯನ ದೇಹ ಶಾಖ ಹೊರಹಾಕಲಾರದು ಎಂದು ತೋರಿಸಿದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರ ಮೇಲೆ ಪರೀಕ್ಷೆ ಮಾಡಿದಾಗ, ತೇವದ ಸೆಕೆಯಲ್ಲಿ ಹಗುರ ಚಟುವಟಿಕೆ ಮಾಡುವಾಗಲೇ ಸುಮಾರು 31ರ ಹತ್ತಿರ ದೇಹದ ತಾಪಮಾನ ಏರತೊಡಗಿತು. ನಮ್ಮ ವಯಸ್ಸಿನವರೇ ಅವರು. 29 ಅಂದರೆ ಆ ಗೆರೆಯಿಂದ ತುಂಬ ದೂರ ಇಲ್ಲ.

ನಮ್ಮ ಹವಾಮಾನ ಇಲಾಖೆಗೂ ಇದು ಗೊತ್ತು. ಬಯಲು ಸೀಮೆಯಲ್ಲಿ ಉಷ್ಣ ಅಲೆ ಎಂದು ಪರಿಗಣಿಸಲು ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಇರಬೇಕು. ಕರಾವಳಿಗೆ ಆ ಗೆರೆ 37 ಡಿಗ್ರಿ. ಒಂದೇ ಥರ್ಮಾಮೀಟರ್, ಎರಡು ಕಾನೂನು.

ಮುಚ್ಚಿದ ಟೆಂಟ್ ಒಳಗೆ

ಹೊರಗೇ ಇಷ್ಟು ಕಷ್ಟ ಇದ್ದರೆ ಜಿಪ್ ಎಳೆದ ಟೆಂಟ್ ಒಳಗೆ ಏನಾಗುತ್ತದೆ? ನಾಲ್ಕು ಜನರ ಸಣ್ಣ ಡೋಮ್ ಟೆಂಟ್‌ನ ಒಳಗಿನ ಗಾತ್ರ ಸುಮಾರು ಮೂರು ಘನ ಮೀಟರ್ ಎಂದುಕೊಳ್ಳಿ. ರಾತ್ರಿ 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 27 ಗ್ರಾಂ ನೀರಾವಿ ಹಿಡಿಯಬಲ್ಲದು. ತೇವಾಂಶ ಮೊದಲೇ ಶೇಕಡಾ 80 ಇದ್ದರೆ 22 ಗ್ರಾಂ ಆಗಲೇ ತುಂಬಿದೆ. ಉಳಿದ ಜಾಗ ಘನ ಮೀಟರ್‌ಗೆ 5 ಗ್ರಾಂ ಚಿಲ್ಲರೆ, ಇಡೀ ಟೆಂಟ್‌ಗೆ 16 ಗ್ರಾಂ.

ಬೆವರದೇ ಮಲಗಿದ್ದರೂ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 30 ಗ್ರಾಂ ನೀರು ಹೋಗುತ್ತದೆ. ನಾಲ್ಕು ಜನಕ್ಕೆ 120 ಗ್ರಾಂ, ಅಂದರೆ ನಿಮಿಷಕ್ಕೆ ಎರಡು. ಟೆಂಟ್ ನಿಜವಾಗಿ ಗಾಳಿ ಆಡದಂತೆ ಮುಚ್ಚಿದ್ದರೆ ಎಂಟು ನಿಮಿಷಕ್ಕೆ ಒಳಗಿನ ಗಾಳಿ ತುಂಬಿ ಹೋಯಿತು. ಆಮೇಲೆ ಯಾರ ಬೆವರೂ ಸರಿಯಾಗಿ ಆರುವುದಿಲ್ಲ. ಇದರ ಜೊತೆಗೆ ಮಲಗಿದ ಒಬ್ಬೊಬ್ಬರಿಂದ 75 ವ್ಯಾಟ್, ಒಟ್ಟು 300 ವ್ಯಾಟ್ ಹೀಟರ್ ಒಳಗೇ ಉರಿಯುತ್ತಿದೆ.

ಇಂಥ ಜಾಗದಲ್ಲಿ ನಾನು ನಾಲ್ಕು ಒದ್ದೆ ಟವೆಲ್ ತೂಗುಹಾಕಿದೆ. ಉಳಿದಿದ್ದ ಆ 16 ಗ್ರಾಂ ಜಾಗವನ್ನು ಟವೆಲ್‌ಗೆ ಕೊಟ್ಟೆ. ಅದು ನನ್ನ ಗೆಳೆಯನ ಬೆವರಿಗೆ ಸೇರಬೇಕಾದ ಜಾಗ. ಅವನು "ಉಸಿರಾಡಾಕ ಆಗವಲ್ದು" ಅಂದಿದ್ದು ನಾಟಕ ಅಲ್ಲ.

ಇನ್ನೊಂದು ಮಾತು. ನಮ್ಮೂರಲ್ಲಿ ರಾತ್ರಿ ಯಾಕೆ ತಂಪಾಗುತ್ತದೆ? ಒಣ ಗಾಳಿಯಲ್ಲಿ ನೆಲದ ಶಾಖ ವಿಕಿರಣವಾಗಿ ಆಕಾಶಕ್ಕೆ ಸುಲಭವಾಗಿ ಹೋಗುತ್ತದೆ. ನೀರಾವಿ ಆ ವಿಕಿರಣವನ್ನು ತಡೆದು ವಾಪಸ್ ಕಳಿಸುತ್ತದೆ. ಕರಾವಳಿಯ ಆಕಾಶ ರಾತ್ರಿಯಿಡೀ ಕೌದಿ ಹೊದ್ದುಕೊಂಡಿರುತ್ತದೆ. "ರಾತ್ರಿಗೆ ತಂಪಾಗುತ್ತೆ ಬಿಡು" ಎನ್ನುವುದು ನಮ್ಮೂರ ಮಾತು, ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು

ಒಂದು ವಾಕ್ಯದಲ್ಲಿ ಹೇಳುವುದಾದರೆ: ಒಣ ಧಗೆಯಲ್ಲಿ ನೀರು ಕಾಯುತ್ತದೆ, ಹಸಿ ಸೆಕೆಯಲ್ಲಿ ಗಾಳಿ ಮತ್ತು ನೆರಳು ಕಾಯುತ್ತವೆ. ಲಿಸ್ಟ್ ಎಲ್ಲ ಇದರಿಂದಲೇ ಬರುತ್ತದೆ.

1. ಮೊದಲ ಸಲಹೆ, ಮೇ ತಿಂಗಳಲ್ಲಿ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ದೇಹ ಹೊಸ ಸೆಕೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಎರಡು ದಿನದ ಟ್ರಿಪ್‌ನಲ್ಲಿ ಅದು ಆಗುವುದಿಲ್ಲ. ಹೋಗಲೇಬೇಕು ಅಂದರೆ ಮುಂದಿನದನ್ನು ಓದಿ.

2. ಹಗಲು ಟೆಂಟ್ ಹಾಕಬೇಡಿ. ಬಿಸಿಲಿನಲ್ಲಿ ಟೆಂಟ್ ಅಂದರೆ ಗ್ರೀನ್‌ಹೌಸ್. ಟೆಂಟ್ ಮಲಗಲು ಮಾತ್ರ. ಹಗಲು ಮರದ ನೆರಳು ಸಾಕು. ಸೂರ್ಯ ಇಳಿದ ಮೇಲೆ ಹಾಕಿ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಬಿಚ್ಚಿ. ಗಾಳಿ ಮರದ ತೋಪು ಸಿಕ್ಕರೆ ಒಳ್ಳೆಯದು. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾಯಿ ಬೀಳುತ್ತದೆ.

3. ಬಾಗಿಲಿನ ದಿಕ್ಕು ನೋಡಿ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ದಡಕ್ಕೆ, ಅಂದರೆ ನಮ್ಮ ಕರಾವಳಿಯಲ್ಲಿ ಪಶ್ಚಿಮದಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ತಿರುಗಿ ಪೂರ್ವದಿಂದ ಮೆಲ್ಲಗೆ ಬರುತ್ತದೆ. ಹಾಗಾಗಿ ಎರಡು ಬಾಗಿಲಿರುವ ಟೆಂಟ್ ತಗೊಂಡು ಪೂರ್ವ ಪಶ್ಚಿಮವಾಗಿ ಹಾಕಿದರೆ ಎರಡೂ ಹೊತ್ತು ಗಾಳಿ ಒಳಗೆ ಹಾದುಹೋಗುತ್ತದೆ. ನಾವು ಬಂಡೆಯ ಮರೆಯಲ್ಲಿ ಹಾಕಿದ್ದೆವು, "ಸೇಫ್ ಜಾಗ" ಅಂತ.

4. ಬಾಡಿಗೆಗೆ ತೆಗೆದುಕೊಳ್ಳುವಾಗ ಬಣ್ಣ ನೋಡಬೇಡಿ, ಜಾಲರಿ ನೋಡಿ. ಒಳಗಿನ ಪದರ ಬಹುಪಾಲು ಸೊಳ್ಳೆ ಜಾಲರಿ ಇರಬೇಕು, ಮೇಲಿನ ಮಳೆ ಹೊದಿಕೆ ಬೇರೆಯಾಗಿ ತೆಗೆಯಲು ಬರಬೇಕು. ಒಂದೇ ಪದರದ ಪಾಲಿಯೆಸ್ಟರ್ ಟೆಂಟ್ ಬೇಡ. ಮಳೆ ಇಲ್ಲದ ರಾತ್ರಿ ಹೊದಿಕೆ ತೆಗೆದಿಡಿ. ಮೇ ಕೊನೆಯಲ್ಲಿ ಗುಡುಗು ಮಳೆ ಬರಬಹುದು, ಆದ್ದರಿಂದ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

5. ನಾಲ್ಕು ಜನರ ಟೆಂಟ್‌ನಲ್ಲಿ ಇಬ್ಬರೇ ಮಲಗಿ. ಮೇಲಿನ ಲೆಕ್ಕ ಪ್ರಕಾರ ಶಾಖವೂ ಆವಿಯೂ ಅರ್ಧ ಆಗುತ್ತದೆ.

6. ಒಂದು ಸಣ್ಣ ಯುಎಸ್‌ಬಿ ಫ್ಯಾನ್ ತಗೊಳ್ಳಿ. ಐದು ವ್ಯಾಟ್ ಫ್ಯಾನ್ ಎಂದುಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್ ಅವರ್ ಇರುತ್ತದೆ. ನಷ್ಟ ಕಳೆದು 30 ಸಿಕ್ಕರೂ ಆರು ಗಂಟೆ ನಡೆಯುತ್ತದೆ. ಚರ್ಮಕ್ಕೆ ಅಂಟಿದ ತೇವದ ಗಾಳಿಯನ್ನು ತಳ್ಳಿ ಬೆವರು ಆರಿಸುವುದು ಅದರ ಕೆಲಸ. ಮುಚ್ಚಿದ ಟೆಂಟ್‌ನಲ್ಲಿ ಅದೇ ಗಾಳಿ ಸುತ್ತುತ್ತದೆ, ಆದ್ದರಿಂದ ಜಾಲರಿಯ ಹತ್ತಿರ ಇಡಿ.

7. ಒದ್ದೆ ಟವೆಲ್ ಬದಲು ಐಸ್ ಬಾಟಲಿ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು. ಮಲಗಿದ ಒಬ್ಬನ 75 ವ್ಯಾಟ್ ಲೆಕ್ಕಕ್ಕೆ ಅದು ಒಂದು ಗಂಟೆ ಕಾಲು ಹೊತ್ತಿನ ಶಾಖ. ಮುಖ್ಯ ವಿಷಯ, ಅದು ಗಾಳಿಗೆ ಆವಿ ಸೇರಿಸುವುದಿಲ್ಲ. ಬಟ್ಟೆ ಸುತ್ತಿ ಕುತ್ತಿಗೆ, ಕಂಕುಳ ಹತ್ತಿರ ಇಟ್ಟುಕೊಳ್ಳಿ. ಕರಗಿದ ಮೇಲೆ ಕುಡಿಯಿರಿ.

8. ಸಮುದ್ರದಲ್ಲಿ ಆಡಿದ ಮೇಲೆ ಸಿಹಿ ನೀರಲ್ಲಿ ಮೈ ತೊಳೆಯಿರಿ. ಮೈಮೇಲಿನ ಉಪ್ಪು ಗಾಳಿಯ ತೇವವನ್ನು ಎಳೆದು ಅಂಟಂಟು ಮಾಡುತ್ತದೆ. ತೊಳೆದು ಒರೆಸಿಕೊಂಡು ಒಣ ಬಟ್ಟೆ ಹಾಕಿ ಮಲಗಿ.

9. ದಪ್ಪ ಸ್ಲೀಪಿಂಗ್ ಬ್ಯಾಗ್, ಕೌದಿ ಬಿಟ್ಟು ಹೋಗಿ. ಫೋಮ್ ಮ್ಯಾಟ್ ಬೆನ್ನಿನ ಶಾಖ ಹೋಗದಂತೆ ತಡೆಯುತ್ತದೆ. ಮಡಚುವ ಮಂಚ ಸಿಕ್ಕರೆ ಅದರಷ್ಟು ಒಳ್ಳೆಯದು ಇಲ್ಲ. ನಮ್ಮ ಅಜ್ಜನ ನುಲಿ ಹೊರಸು ಇದೇ ತತ್ವ, ಬೆನ್ನಿನ ಕೆಳಗೂ ಗಾಳಿ ಆಡುತ್ತದೆ.

ಯಾವಾಗ ಹೆದರಬೇಕು

ಜೋರು ಬೆವರು, ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ, ತಲೆನೋವು, ವಿಪರೀತ ಸುಸ್ತು: ಇದು ಹೀಟ್ ಎಕ್ಸಾಸ್ಚನ್. ತಕ್ಷಣ ಗಾಳಿಗೆ, ನೆರಳಿಗೆ ತನ್ನಿ. ಬಟ್ಟೆ ಸಡಿಲ ಮಾಡಿ, ಗಾಳಿ ಬೀಸಿ, ಒಂದು ಪ್ಯಾಕೆಟ್ ಓಆರ್‌ಎಸ್ ಒಂದು ಲೀಟರ್ ನೀರಿಗೆ ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಸುವುದೂ ಸರಿಯಲ್ಲ, ಹೋಗಿರುವುದು ಉಪ್ಪು ಕೂಡ.

ಮಾತು ತೊದಲುವುದು, ಏನೇನೋ ಮಾತಾಡುವುದು, ಗೊಂದಲ, ಪ್ರಜ್ಞೆ ತಪ್ಪುವುದು, ಮೈ ಬೆಂಕಿಯ ಹಾಗೆ ಕಾಯುವುದು: ಇದು ಹೀಟ್ ಸ್ಟ್ರೋಕ್. ದೇಹದ ಒಳಗಿನ ತಾಪಮಾನ 40 ಡಿಗ್ರಿ ದಾಟಿರುತ್ತದೆ. ಬೆವರು ಇದ್ದರೂ ಇರಬಹುದು, ಅದನ್ನು ನೋಡಿ ಮೋಸ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಕಾಯುತ್ತಾ ಕೂರದೆ ಮೈಮೇಲೆ ಸಿಕ್ಕಷ್ಟು ತಣ್ಣೀರು ಸುರಿಯಿರಿ, ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರಿಗೆ ಬಾಯಿಗೆ ನೀರು ಹಾಕಬೇಡಿ. ಇಲ್ಲಿ ತಣ್ಣೀರು ಯಾಕೆ ಕೆಲಸ ಮಾಡುತ್ತದೆ? ಅದು ಆರುವುದಕ್ಕೆ ಕಾಯುವುದಿಲ್ಲ, ಮುಟ್ಟಿಯೇ ಶಾಖ ಎಳೆಯುತ್ತದೆ. ಅದಕ್ಕೇ ಸುರಿಯುತ್ತಾ ಇರಬೇಕು, ಒಂದು ಸಲ ಒದ್ದೆ ಮಾಡಿ ಬಿಟ್ಟರೆ ಆಗದು.

ನಮ್ಮ ಹೊಲದಲ್ಲೇ ಇದ್ದ ಪಾಠ

ವಾಪಸ್ ಬಂದ ಮೇಲೆ ಕಬ್ಬಿನ ಸೀಸನ್ ಶುರುವಾಯಿತು. ನಮ್ಮ ಸುತ್ತಲಿನ ಹೊಲಗಳ ಅಂಚಿಗೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಬಂದು ಗುಡಿಸಲು ಹಾಕಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಒಂದು ದಿನ ಬೈಕ್ ನಿಲ್ಲಿಸಿ ನೋಡಿದೆ. ತಾಡಪತ್ರಿಯ ಮೇಲೆ ಕಬ್ಬಿನ ರವದಿ ದಪ್ಪಗೆ ಹಾಸಿದ್ದರು. ಎರಡೂ ಕಡೆ ತೆರೆದಿತ್ತು. ರವದಿ ಯಾಕೆ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಅಮ್ಮ ಒಬ್ಬರು "ಬರೇ ತಾಡಪತ್ರಿ ಹಾಕಿದ್ರ ಒಳಗ ಕುದೀತೈತಿ, ಹುಡುಗೂರು ಹ್ಯಾಂಗ ಮಕ್ಕೊಳ್ಳಬೇಕು" ಅಂದರು. ಬಿಸಿಲು ಮೇಲಿನ ಪದರದಲ್ಲೇ ನಿಲ್ಲಬೇಕು, ಒಳಗೆ ಗಾಳಿ ಆಡಬೇಕು. ನಾನು ಒಂದು ಸೆಮಿಸ್ಟರ್ ಓದಿ ತಿಳಿದುಕೊಂಡಿದ್ದು ಅವರ ಸೂರಿನ ಮೇಲಿತ್ತು. ನಾವು ಎರಡು ರಾತ್ರಿ ಮಜಾಕ್ಕೆ ಟೆಂಟ್‌ನಲ್ಲಿ ಇರುತ್ತೇವೆ, ಅವರು ಸೀಸನ್ ಪೂರ್ತಿ ಮಕ್ಕಳ ಜೊತೆ ಇರುತ್ತಾರೆ.

ಕೊನೆಗೆ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಹೊರಡುವ ಮೊದಲು ಎರಡು ಥರ್ಮಾಮೀಟರ್ ತಗೊಳ್ಳಿ, ಒಂದಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಟೆರೇಸ್ ಮೇಲೆ ನೆರಳಲ್ಲಿ ಗಾಳಿ ಬೀಸಿ ಎರಡನ್ನೂ ಓದಿ. ಬರೆದಿಟ್ಟುಕೊಳ್ಳಿ. ಕ್ಯಾಂಪ್ ಜಾಗ ಮುಟ್ಟಿದ ಮೇಲೆ ಅದೇ ಕೆಲಸ ಮತ್ತೆ ಮಾಡಿ. ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಿದ್ದರೆ ಟವೆಲ್ ನೆನೆಸಿ. ಸಣ್ಣದಿದ್ದರೆ ಜಿಪ್ ತೆಗೆಯಿರಿ.

ಮತ್ತು ಪಕ್ಕದಲ್ಲಿ ಮಲಗಿದವನು ಉಸಿರಾಡಲು ಆಗುತ್ತಿಲ್ಲ ಅಂದರೆ ಮೊಬೈಲ್‌ನಲ್ಲಿ ಡಿಗ್ರಿ ನೋಡಬೇಡಿ. ಮೊದಲು ಅವನನ್ನು ಹೊರಗೆ ಕರೆದುಕೊಂಡು ಬನ್ನಿ.